ಉದ್ಘಾಟನೆಯ ದಿನ ತೊಟ್ಟಿಯಲ್ಲಿ ಮೀನು ಬೇಡ



ಎಷ್ಟೋ ಶಾಲೆಗಳಲ್ಲಿ ವಿಜ್ಞಾನ ಕೋಣೆಯ ಮೂಲೆಯಲ್ಲಿ ಒಂದು ಗಾಜಿನ ಮೀನಿನ ತೊಟ್ಟಿ ಇರುತ್ತದೆ. ನೀರಿಲ್ಲ, ಮೀನಿಲ್ಲ, ಒಳಗೆ ಹಳೆಯ ಚಾರ್ಟು, ಮುರಿದ ಸ್ಕೇಲು. ವಿಜ್ಞಾನ ದಿನ ಹತ್ತಿರ ಬಂದಾಗ ಎಲ್ಲರಿಗೂ ಅದರ ನೆನಪಾಗುತ್ತದೆ. ಒಂದೇ ದಿನದಲ್ಲಿ ತೊಳೆದು, ನೀರು ತುಂಬಿ, ಪೇಟೆಯಿಂದ ಮೀನು ತಂದು ಬಿಟ್ಟು, ಅತಿಥಿಗಳಿಂದ ಉದ್ಘಾಟನೆ ಮಾಡಿಸಿ ಫೋಟೊ ತೆಗೆಸುತ್ತೇವೆ. ಒಂದೆರಡು ವಾರದೊಳಗೆ ಮೀನುಗಳು ಒಂದೊಂದಾಗಿ ಸಾಯುತ್ತವೆ. "ನಮ್ಮ ಶಾಲೆಗೆ ಮೀನು ಆಗಿಬರೋದಿಲ್ಲ" ಅಂತ ಹೇಳಿ ತೊಟ್ಟಿಯನ್ನು ಮತ್ತೆ ಮೂಲೆಗೆ ಸರಿಸುತ್ತಾರೆ.

ಆಗಿಬರುವ, ಬಾರದಿರುವ ಮಾತೇ ಇಲ್ಲಿಲ್ಲ. ಮೀನು ಸಾಯುವ ಕಾರಣ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಹಳೆಯ ತೊಟ್ಟಿಯನ್ನು ಸಿಪಾಯಿ ಮಾಮನ ಕೈಲಿ ತೊಳೆಸಬೇಡಿ, ಗುರುಗಳ ಜೊತೆ ನಿಂತು ನೀವೇ ತೊಳೆಯಿರಿ. ಮತ್ತೆ, ಅವಸರಕ್ಕೆ ಮೀನು ತರಬೇಡಿ.

ಮೊದಲು ಗಾಜಿನ ಮೇಲಿನ ಬಿಳಿ ಕಲೆ ನೋಡಿ. ನಮ್ಮ ಅಕ್ಕಲಕೋಟೆ ಕಡೆ ಬೋರಿನ ನೀರು ಗಡಸು. ಸ್ನಾನದ ಹಂಡೆಗೆ ಕಟ್ಟುವ ಬಿಳಿ ಪದರವೇ ತೊಟ್ಟಿಗೂ ಕಟ್ಟುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ಅರ್ಧ ಗಂಟೆ ಕಲೆಯ ಮೇಲೆ ಹಾಕಿಡಿ. ಸಣ್ಣ ಗುಳ್ಳೆ ಏಳುತ್ತವೆ. ಆಮ್ಲ ಮತ್ತು ಕಾರ್ಬೊನೇಟ್ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ ಅಂತ ಓದಿದ್ದೀರಲ್ಲ, ಅದೇ ಇದು. ಆಮೇಲೆ ಮೆತ್ತಗಿನ ಬಟ್ಟೆಯಿಂದ ಒರೆಸಿ, ನಾಲ್ಕೈದು ಸಲ ನೀರಿನಿಂದ ತೊಳೆಯಿರಿ.

ಸೋಪು, ಪಾತ್ರೆ ತೊಳೆಯುವ ಪುಡಿ ಬೇಡವೇ ಬೇಡ. ಅದರ ಅಂಶ ಸಂದಿಗಳಲ್ಲಿ, ಮರಳಿನಲ್ಲಿ ಉಳಿದರೆ ಮೀನಿನ ಕಿವಿರುಗಳಿಗೆ ಹಾನಿ. ತಂತಿಯ ಬ್ರಷ್ ಬೇಡ, ಗಾಜು ಗೀರುತ್ತದೆ. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ: ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಸೇರಿಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಎರಡನೆಯದು ಸೋರಿಕೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ಪೂರ್ತಿ ತುಂಬಿದರೆ 54 ಲೀಟರ್ ನೀರು, ಅಂದರೆ 54 ಕೆ.ಜಿ. ಉದ್ದನೆಯ ಒಂದು ಗಾಜಿನ ಮೇಲೆ ಬೀಳುವ ಬಲ ಸುಮಾರು 265 ನ್ಯೂಟನ್. ಸರಾಸರಿ ಒತ್ತಡವನ್ನು ಗಾಜಿನ ವಿಸ್ತೀರ್ಣದಿಂದ ಗುಣಿಸಿ ನೀವೇ ಲೆಕ್ಕ ಹಾಕಿ. ಈ ಬಲವನ್ನೆಲ್ಲ ತಡೆಯುವುದು ಸಂದಿಯಲ್ಲಿರುವ ಸಿಲಿಕೋನ್ ಅಂಟು. ವರ್ಷಗಟ್ಟಲೆ ಒಣಗಿದ ತೊಟ್ಟಿಯಲ್ಲಿ ಅದು ಬಿಟ್ಟಿರಬಹುದು. ಸಮತಟ್ಟಾದ ಜಾಗದಲ್ಲಿ ಹಳೆಯ ಪೇಪರ್ ಹಾಸಿ, ಅದರ ಮೇಲೆ ತೊಟ್ಟಿ ಇಟ್ಟು, ಸ್ವಲ್ಪ ಸ್ವಲ್ಪವಾಗಿ ನೀರು ತುಂಬಿ, ಒಂದು ದಿನ ಬಿಡಿ. ಪೇಪರ್ ಒದ್ದೆಯಾದರೆ ಗೊತ್ತಾಗುತ್ತದೆ. ತುಂಬಿದ ತೊಟ್ಟಿಯನ್ನು ಎತ್ತಬೇಡಿ.

ಮೂರನೆಯದೇ ಮುಖ್ಯ. ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತದೆ. ಅದು ಮೀನಿಗೇ ವಿಷ. ಕೆರೆಯಲ್ಲಾದರೆ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ತೊಗರಿ ಬೇರಿನ ಗಂಟುಗಳ ಚಿತ್ರದ ಜೊತೆ ಓದಿದ ಸಾರಜನಕ ಚಕ್ರದ ಭಾಗವೇ ಇದು. ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಮರಳಿನ ಮೇಲೆ, ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುತ್ತವೆ. ತೊಟ್ಟಿ ಒಣಗಿದರೆ ಅವೂ ಹೋದವು. ಗಾಜು ಎಷ್ಟು ಫಳಫಳ ಹೊಳೆದರೂ ಅದು ಹೊಸ ತೊಟ್ಟಿಯೇ. ಮತ್ತೆ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ದಿನ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಗಳಿಗೆ ಊಟ. ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಕಿಟ್ ಮೀನಿನ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಎರಡೂ ಸೊನ್ನೆಗೆ ಬಂದ ಮೇಲೆ ಒಂದೆರಡು ಮೀನಿನಿಂದ ಶುರು ಮಾಡಿ.

"ಖಾಲಿ ನೀರು ತೋರಿಸಿದರೆ ಯಾರು ನೋಡ್ತಾರೆ ಸರ್?" ಅಂತ ನೀವು ಕೇಳಬಹುದು. ಪಕ್ಕದಲ್ಲಿ ಒಂದು ಚಾರ್ಟ್ ತೂಗುಹಾಕಿ. ವಾರವಾರದ ಅಮೋನಿಯಾ ಅಳತೆ, ಗ್ರಾಫ್, ಸೋರಿಕೆ ಪರೀಕ್ಷೆಯ ಲೆಕ್ಕ ಬರೆಯಿರಿ. ದುಡ್ಡು ಕೊಟ್ಟು ತಂದ ಮೀನಿಗಿಂತ ನೀವು ಅಳೆದು ಬರೆದ ಆ ಚಾರ್ಟೇ ಹೆಚ್ಚು ವಿಜ್ಞಾನ ಅಂತ ನಾನು ನಂಬಿದ್ದೇನೆ. ಫೋಟೊಗೋಸ್ಕರ ಜೀವ ಇರುವ ಪ್ರಾಣಿಯನ್ನು ವಿಷದ ನೀರಿಗೆ ಬಿಡುವುದು ಯಾವ ವಿಜ್ಞಾನವೂ ಅಲ್ಲ.

ಫೆಬ್ರವರಿ 28ಕ್ಕೆ ಮೀನು ಇರಲೇಬೇಕು ಅಂದರೆ ಜನವರಿ ಮೊದಲ ವಾರದಲ್ಲೇ ತೊಟ್ಟಿ ತೊಳೆಯಲು ಕೈಹಾಕಿ. ತಡವಾಗಿದ್ದರೆ ಈ ಸಲ ನೀರು ಮತ್ತು ಚಾರ್ಟ್ ಸಾಕು. ಮೀನು ಮಾರ್ಚ್‌ನಲ್ಲಿ ಬರಲಿ, ಬಂದದ್ದು ಬದುಕಲಿ.