ಕೊಮ್ಮೆಯ ಬೇರು, ಇಲಿಯ ಮೂತ್ರಪಿಂಡ

ಮುಂಗಾರಿನ ಎರಡು ಹದಮಳೆ ಬಿದ್ದರೆ ಸಾಕು, ಯಲಬುರ್ಗಾ-ಕುಷ್ಟಗಿ ಸೀಮೆಯ ಹೊಲದ ಬದುಗಳ ಮೇಲೆ ಎರಡು ಸಸ್ಯಗಳು ನೆಲಕ್ಕಂಟಿ ಹಬ್ಬುತ್ತವೆ. ಒಂದು, ಬರಿಗಾಲಿನ ಹುಡುಗರನ್ನು ಅಳಿಸುವ ನೆಗ್ಗಿಲ ಮುಳ್ಳು, ಇನ್ನೊಂದು ಕೊಮ್ಮೆ. ಬೇಸಿಗೆಯಲ್ಲಿ ಸತ್ತಂತೆ ಒಣಗಿ, ಮಳೆ ಬಿದ್ದೊಡನೆ ಬೇರಿನಿಂದ ಮತ್ತೆ ಚಿಗುರುವ ಕಾರಣ ಆಯುರ್ವೇದವು ಇದನ್ನು ಪುನರ್ನವವೆಂದು ಕರೆಯಿತು. ಮೈ ಊದಿಕೊಂಡಾಗ ಕೊಮ್ಮೆಯ ಬೇರಿನ ಕಷಾಯ, ಮೂತ್ರ ಕಟ್ಟಿದಾಗ ನೆಗ್ಗಿಲ ಕಾಯಿಯ ಕಷಾಯ. ಹಳ್ಳಿಯ ಹಿರಿಯರಿಗೆ ಇವು ಬಾಯಿಪಾಠವಾಗಿದ್ದ ಮದ್ದುಗಳು.

ಈ ಹಳೆಯ ಮದ್ದುಗಳ ಹೆಗಲಿಗೆ ಈಗ ಹೊಸ ಹೊರೆಯೊಂದು ಬಿದ್ದಿದೆ. ಕೊಪ್ಪಳದ ಮಗ್ಗುಲಲ್ಲಿ, ಗಿಣಿಗೇರಿಯ ಸುತ್ತ, ಕಬ್ಬಿಣ-ಉಕ್ಕಿನ ಕಾರ್ಖಾನೆಗಳು ಎದ್ದಿವೆ. ಹೊಗೆ-ಬೂದಿಗೆ ಬೇಸತ್ತ ಜನರು, ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ಆಚರಿಸಿದರು. ಗವಿಮಠದ ಸ್ವಾಮಿಗಳೂ ಅದರಲ್ಲಿ ಪಾಲ್ಗೊಂಡರು. ಬೂದಿಯಲ್ಲಿ ಯಾವ ಲೋಹ ಎಷ್ಟಿದೆಯೆಂಬುದು ಅಳತೆಯಿಂದ ತಿಳಿಯತಕ್ಕ ವಿಷಯವೇ ಹೊರತು ಊಹೆಯಿಂದಲ್ಲ. ಆದರೂ ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದ ಭಾರಲೋಹಗಳ ಭಯ ಸಹಜ. ಗಿಡಮೂಲಿಕೆ ಕಾಯ್ದೀತೇ ಎಂಬ ಪ್ರಶ್ನೆಯೂ ಸಹಜ.

ಈ ಲೋಹಗಳು ಮೂತ್ರಪಿಂಡವನ್ನೇ ಏಕೆ ಹಿಡಿಯುತ್ತವೆ? ಮುಷ್ಟಿಗಾತ್ರದ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ದಿನಕ್ಕೆ ಎರಡೂ ಸೇರಿ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ಸಣ್ಣ ನಾಳಗಳ ಮೂಲಕ ಮತ್ತೆ ಹೀರಿಕೊಳ್ಳುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೆರಡು ಲೀಟರ್ ಮಾತ್ರ. ಈ ಜಿಪುಣತನವೇ ಇಲ್ಲಿ ಮುಳುವು. ಪ್ರೋಟೀನಿಗೆ ಅಂಟಿಕೊಂಡು ಬಂದ ಕ್ಯಾಡ್ಮಿಯಮ್ಮನ್ನೂ ಆ ನಾಳಗಳು ಉಪಯುಕ್ತ ವಸ್ತುವೆಂದೇ ಬಗೆದು ಒಳಕ್ಕೆ ಕರೆದುಕೊಳ್ಳುತ್ತವೆ. ಹಾಗೆ ಬಂದುದರಲ್ಲಿ ಅರ್ಧ ತೊಲಗಲು 10ರಿಂದ 30 ವರ್ಷ ಬೇಕು. ಅಷ್ಟು ಕಾಲವೂ ಅದು ಜೀವಕೋಶಗಳನ್ನು ಒಳಗೊಳಗೇ ಕೆಡಿಸುತ್ತಿರುತ್ತದೆ. ಜಪಾನಿನ ಜಿಂಜೂ ನದಿಯ ದಂಡೆಯವರು, ಗಣಿಯ ಕ್ಯಾಡ್ಮಿಯಂ ಬೆರೆತ ನೀರಿನಲ್ಲಿ ಬೆಳೆದ ಅಕ್ಕಿಯನ್ನುಂಡು, ಮೂತ್ರಪಿಂಡ ಕೆಟ್ಟು, ಎಲುಬು ಮೆತ್ತಗಾಗಿ ನರಳಿದರು. ಅದು ಮಾಲಿನ್ಯದಿಂದ ಬಂದ ರೋಗವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಗಂಗಾವತಿಯ ಅಕ್ಕಿಯಲ್ಲಿ ಅಂಥ ದೋಷವಿದೆಯೆಂದು ಇದರ ಅರ್ಥವಲ್ಲ. ಆದರೆ ಭತ್ತದ ನಾಡಿನವರು ಕೇಳಿರಬೇಕಾದ ಕಥೆಯಿದು.

ಇನ್ನು ಸಸ್ಯಗಳ ಮಾತು. ಪಾದರಸದ ಲವಣ ತಿನ್ನಿಸಿದ ಇಲಿಗಳಿಗೆ ನೆಗ್ಗಿಲ ಕಾಯಿಯ ಸಾರ, ಕ್ಯಾಡ್ಮಿಯಂ ಕೊಟ್ಟ ಇಲಿಗಳಿಗೆ ಅರಿಶಿನದ ಸತ್ತ್ವ, ಹೀಗೆ ಪ್ರಯೋಗಶಾಲೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಹಾನಿ ತಗ್ಗಿದುದು ಕಂಡುಬಂದಿದೆ. ಸಂತೋಷವೇ. ಆದರೆ ಅಲ್ಲಿ ಇಲಿಯ ತೂಕಕ್ಕೆ ಅಳೆದ ಸಾರವನ್ನು ಬಹುಮಟ್ಟಿಗೆ ವಿಷಕ್ಕೆ ಮುಂಚೆಯೋ ವಿಷದೊಡನೆಯೋ ಕೊಟ್ಟಿರುತ್ತಾರೆ; ಎಲ್ಲವೂ ಕೆಲವು ದಿನ, ಕೆಲವು ವಾರಗಳಲ್ಲಿ ಮುಗಿಯುತ್ತದೆ. ಇಪ್ಪತ್ತು ವರ್ಷ ಚೂರುಚೂರಾಗಿ ಲೋಹ ನುಂಗಿದ ಮನುಷ್ಯನ ಸ್ಥಿತಿ ಬೇರೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಬಹಳ ಕಡಿಮೆ. ಇರಾನಿನ ಬ್ಯಾಟರಿ ಕಾರ್ಖಾನೆಯ ಕೆಲಸಗಾರರಿಗೆ 4 ವಾರ ಬೆಳ್ಳುಳ್ಳಿಯ ಮಾತ್ರೆ ಕೊಟ್ಟಾಗ ರಕ್ತದಲ್ಲಿನ ಸೀಸ ಇಳಿಯಿತೆಂದು 2012ರಲ್ಲಿ ವರದಿಯಾಯಿತು. ಇಳಿದುದು ರಕ್ತದ ಸೀಸ. ಕೆಟ್ಟ ಮೂತ್ರಪಿಂಡ ಸರಿಹೋಯಿತೆಂದು ಅದರಿಂದ ಹೇಳಲಾಗದು.

ಹಾಗಾದರೆ ಗಿಡಗಳಿಂದ ಪ್ರಯೋಜನವೇ ಇಲ್ಲವೇ? ಉಂಟು, ಅದು ಕಷಾಯದ ಬಟ್ಟಲಿಗಿಂತ ಊಟದ ತಟ್ಟೆಯಲ್ಲಿ ಹೆಚ್ಚು. ದೇಹದಲ್ಲಿ ಕಬ್ಬಿಣ ಸಾಲದಾದಾಗ ಕರುಳು ಕ್ಯಾಡ್ಮಿಯಮ್ಮನ್ನೂ, ಸುಣ್ಣದಂಶ ಸಾಲದಾದಾಗ ಸೀಸವನ್ನೂ ಹೆಚ್ಚಾಗಿ ಹೀರುತ್ತದೆ. ರಕ್ತಹೀನತೆಯ ಹೆಂಗಸರಿಗೆ ಅಪಾಯ ಅಧಿಕವಾಗುವುದು ಹೀಗೆ. ಸಜ್ಜೆರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ. ಲೋಹವನ್ನು ಬಾಗಿಲಲ್ಲೇ ತಡೆಯಲು ಇವು ನೆರವಾಗುತ್ತವೆ.

ಅಂಗಡಿಯ ಪುಡಿಗಳ ಸಂಗತಿ ಮಾತ್ರ ಜೋಕೆಯದು. ಅಮೆರಿಕದ ಬಾಸ್ಟನ್ ನಗರದ ಸುತ್ತ ಮಾರುತ್ತಿದ್ದ 70 ಆಯುರ್ವೇದ ಪದಾರ್ಥಗಳನ್ನು ಪರೀಕ್ಷಿಸಿದಾಗ, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತೆಂದು 2004ರಲ್ಲಿ ಪ್ರಕಟವಾಯಿತು. ಬೆಕ್ಕನ್ನು ಹಾಲಿನ ಕಾವಲಿಗಿಟ್ಟಂತಾಯಿತು! ಬೂದಿ ಬೀಳುವ ರಸ್ತೆಬದಿಯಲ್ಲಿ ಕಿತ್ತ ಬೇರಿಗೂ ಈ ಅನುಮಾನ ತಪ್ಪಿದ್ದಲ್ಲ. ಗಿಡ ನೆಲದಲ್ಲಿರುವ ಲೋಹವನ್ನೂ ಹೀರುತ್ತದೆ. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ಮೈ ಇಳಿಸುವ ಮೂಲಿಕೆ ಸೇವಿಸಿದ ಅನೇಕ ಹೆಂಗಸರ ಮೂತ್ರಪಿಂಡಗಳೇ ನಾಶವಾದವು. ಆ ಮೂಲಿಕೆಯ ವಿಷವಸ್ತು ಅದೇ ಕುಲದ ನಮ್ಮ ಈಶ್ವರಿ ಬಳ್ಳಿಯಲ್ಲಿಯೂ ಇದೆ.

ಕೊಮ್ಮೆಯ ವಿಚಾರದಲ್ಲಿ ಒಂದು ಮಾತು ಉಳಿಯಿತು. ಅದರಲ್ಲಿ ಪೊಟ್ಯಾಸಿಯಂ ಲವಣ ಹೇರಳ. ಗಟ್ಟಿಯಾದ ಮೂತ್ರಪಿಂಡ ಅದನ್ನು ಸುಲಭವಾಗಿ ಹೊರಹಾಕುತ್ತದೆ. ಸೋತ ಮೂತ್ರಪಿಂಡಕ್ಕೆ ಅದು ಸಾಧ್ಯವಾಗದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪೀತು. ಮೂತ್ರಪಿಂಡ ಸೋತಿರುವುದು ತಿಳಿಯುವುದೂ ತಡವಾಗಿಯೇ. ಅದರ ಶಕ್ತಿ ಅರ್ಧಕ್ಕೆ ಕುಂದುವವರೆಗೂ ರಕ್ತದ ಕ್ರಿಯಾಟಿನಿನ್ ಏರದಿರುವುದುಂಟು. ಆದ್ದರಿಂದ ಕಾಲೂದಿತೆಂದು ಮನೆಯಲ್ಲಿ ಬೇರು ಅರೆಯುವ ಮುನ್ನ ರಕ್ತ-ಮೂತ್ರಗಳ ಪರೀಕ್ಷೆ ಮಾಡಿಸತಕ್ಕದ್ದು. ಈಗಾಗಲೇ ಕುಡಿಯುತ್ತಿದ್ದರೆ ಆ ಕಷಾಯದ ಹೆಸರನ್ನು ವೈದ್ಯರಿಂದ ಬಚ್ಚಿಡದೆ ಹೇಳತಕ್ಕದ್ದು.