ನಂಗಲಿಯ ಗಡಿಯೂ ಕಾಣದ ಪೇಟೆಯೂ

ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆಯೆಂದು ಹೆಸರಾದ ಸ್ಥಳ ನಂಗಲಿ. ಇಂದಿಗೂ ಮುಳಬಾಗಿಲು ತಾಲ್ಲೂಕಿನ ಈ ಗ್ರಾಮವನ್ನು ದಾಟಿದರೆ ಆಂಧ್ರದ ನೆಲ ಸಮೀಪಿಸುವುದು. ಹೆದ್ದಾರಿಯಲ್ಲಿ ಬರುವ ಸರಕನ್ನು ಗಡಿಯಲ್ಲಿ ತಡೆದು ತೆರಿಗೆಯ ಕಾಗದಪತ್ರಗಳನ್ನು ನೋಡುವ ಪದ್ಧತಿಯು 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಬಳಿಕ ಬಹುಮಟ್ಟಿಗೆ ನಿಂತುಹೋಯಿತು. ಅದಕ್ಕಾಗಿ ನಮಗೆ ವ್ಯಥೆಯಿಲ್ಲ. ಆದರೆ ಎಲ್ಲೆಯನ್ನೇ ಅರಿಯದ ಬೇರೊಂದು ಪೇಟೆಯು ಮೊಬೈಲಿನ ಮೂಲಕ ಮನೆಮನೆಯನ್ನೂ ಹೊಕ್ಕಿದೆ. ಅದರೊಡನೆ ವಂಚಕರೂ ಹೊಕ್ಕಿದ್ದಾರೆ. ಈ ವಿಷಯದಲ್ಲಿ ಮಹಾಜನರೂ ಸರಕಾರದವರೂ ತೋರುತ್ತಿರುವ ಔದಾಸೀನ್ಯವು ನಮಗೆ ಸರಿಯೆಂದು ತೋರುವುದಿಲ್ಲ.

ಮೋಸದ ಬಗೆಯನ್ನು ಬಿಡಿಸಿ ಹೇಳುವುದು ಅವಶ್ಯವಾಗಿದೆ. ರೈತನೊಬ್ಬನು ತನ್ನ ಹಳೆಯ ಬೈಕನ್ನು ಮಾರಲು ಜಾಲತಾಣದಲ್ಲಿ ಪ್ರಕಟಿಸುವನೆನ್ನಿ. ಕ್ಷಣಮಾತ್ರದಲ್ಲಿ ಗಿರಾಕಿಯ ಕರೆ ಬರುವುದು. ಈ ಗಿರಾಕಿಯು ಚೌಕಾಸಿ ಮಾಡುವುದಿಲ್ಲ, ಬೈಕನ್ನು ನೋಡಬೇಕೆನ್ನುವುದಿಲ್ಲ. ಹಲ್ಲು ನೋಡದೆ ಎತ್ತನ್ನು ಕೊಳ್ಳದ, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಗಳಿಗೆಗಟ್ಟಲೆ ಬೆಲೆ ಕುದುರಿಸುವ ನಮ್ಮ ಸಂತೆಯ ಜನಕ್ಕೆ ಇಂಥ ಉದಾರಿಯನ್ನು ಕಂಡಾಗಲೇ ಸಂಶಯ ಹುಟ್ಟಬೇಕಾಗಿತ್ತು! ಆತನು ಮುಂಗಡ ಕಳುಹಿಸುವೆನೆಂದು ಹೇಳಿ ಒಂದು ಕ್ಯೂಆರ್ ಚಿತ್ರವನ್ನು ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಸೇರುವುದೆನ್ನುವನು. ಒತ್ತಿದೊಡನೆ ಹಣವು ಸೇರುವುದರ ಬದಲು ಹೋಗುವುದು. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ಇದೊಂದನ್ನು ತಿಳಿದವನು ಈ ಬಲೆಗೆ ಬೀಳಲಾರನು. ವ್ಯಕ್ತಿಯಿಂದ ವ್ಯಕ್ತಿಗೆ ಹಣದ ಬೇಡಿಕೆ ಕಳುಹಿಸುವ ಅವಕಾಶವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದು ಸ್ತುತ್ಯವಾದರೂ ಚಿತ್ರದ ಮೋಸಕ್ಕೆ ದಾರಿ ಉಳಿದೇ ಇದೆ.

ಕೊಳ್ಳುವವರ ಪಾಡು ಇನ್ನೊಂದು ಬಗೆಯದು. ತಾನು ಸೈನಿಕನೆಂದೂ, ವರ್ಗವಾದುದರಿಂದ ವಾಹನವನ್ನು ಅಗ್ಗಕ್ಕೆ ಮಾರುತ್ತಿರುವೆನೆಂದೂ ಹೇಳಿ, ಸಮವಸ್ತ್ರದ ಭಾವಚಿತ್ರವನ್ನೂ ಗುರುತಿನ ಚೀಟಿಯನ್ನೂ ಕಳುಹಿಸಿ, ಸಾಗಣೆಯ ವೆಚ್ಚವೆಂದು ಮೊದಲೇ ಹಣ ಕೀಳುವ ದುರುಳರಿದ್ದಾರೆ. ದೇಶಕ್ಕಾಗಿ ಪ್ರಾಣವನ್ನು ಪಣವಿಟ್ಟವರ ಉಡುಪನ್ನು ಕಳ್ಳತನದ ಮುಸುಕಾಗಿಸುವ ಈ ನೀಚತನಕ್ಕೆ ಏನೆನ್ನಬೇಕೋ ನಮಗೆ ತೋಚದು. ಸರಕನ್ನು ಕಣ್ಣಾರೆ ನೋಡದೆ, ವಾಹನವಾದರೆ ನೋಂದಣಿಯ ಪತ್ರವನ್ನು ಪರೀಕ್ಷಿಸದೆ, ಒಂದು ರೂಪಾಯಿಯನ್ನೂ ಕಳುಹಿಸಬಾರದೆಂದು ವಾಚಕರಲ್ಲಿ ಬಿನ್ನವಿಸುತ್ತೇವೆ.

ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರುವುದೇ ಕಳ್ಳರಿಗೆ ದೊಡ್ಡ ಬಲ. ಕೂಡಲೇ 1930 ಸಂಖ್ಯೆಗೆ ಕರೆಮಾಡಿ ಬ್ಯಾಂಕಿಗೂ ತಿಳಿಸಿದರೆ, ಹಣವು ಕೈಯಿಂದ ಕೈಗೆ ಹಾಯುವ ಮುನ್ನ ಅದನ್ನು ತಡೆಹಿಡಿಯುವ ಸಂಭವವುಂಟು. ತಡವಾದಷ್ಟೂ ಆಸೆ ಕಡಿಮೆ. ಗ್ರಾಹಕನೇ ಗುಟ್ಟಿನ ಸಂಖ್ಯೆಯನ್ನು ಪರರಿಗೆ ತಿಳಿಸಿ ಆದ ನಷ್ಟವನ್ನು, ಬ್ಯಾಂಕಿಗೆ ವರದಿ ಮಾಡುವವರೆಗೆ ಆತನೇ ಹೊರಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಆದೇಶ ಹೇಳುತ್ತದೆ. ನಿಯಮವು ಕಠಿನವಾದುದು. ಆದರೆ ಬ್ಯಾಂಕುಗಳ ಎಚ್ಚರಿಕೆಯ ಸಂದೇಶಗಳು ಬಹುಪಾಲು ಇಂಗ್ಲಿಷಿನಲ್ಲಿ ಬರುತ್ತಿರುವಾಗ, ಅದನ್ನು ಓದಲಾರದ ರೈತನನ್ನು ಅಜಾಗರೂಕನೆಂದು ದೂಷಿಸುವುದು ಯಾವ ನ್ಯಾಯ? ಬೇಟೆಗಾಗಿ ವಂಚಕನು ಜನರ ಭಾಷೆಯನ್ನು ಕಲಿಯುವನು; ಜನರ ಹಣದಿಂದ ಬಾಳುವ ಬ್ಯಾಂಕು ಕಲಿಯಲಾರದೆ? ಕನ್ನಡದಲ್ಲಿಯೂ, ಗಡಿಯ ಗ್ರಾಮಗಳಲ್ಲಿ ತೆಲುಗಿನಲ್ಲಿಯೂ ಈ ಎಚ್ಚರಿಕೆಗಳು ತಲುಪತಕ್ಕದ್ದು.

ಪೋಲೀಸಿನವರಿಗೂ ಒಂದು ಮಾತು. ಕಳ್ಳನು ಬೇರೆ ಪ್ರಾಂತದಲ್ಲಿರುವನೆಂಬ ನೆಪದಿಂದ ನಂಗಲಿಯ ಬಡವನನ್ನು ಠಾಣೆಯಿಂದ ಠಾಣೆಗೆ ಅಲೆಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧವು ಎಲ್ಲಿಯೇ ನಡೆದಿರಲಿ, ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಫಿರ್ಯಾದಿಯ ಕೈಗೆ ಅದರ ಪ್ರತಿಯನ್ನು ಉಚಿತವಾಗಿ ಕೊಟ್ಟೇ ಕಳುಹಿಸಬೇಕು.