ಹಾರುವ ಓತಿಯೂ ಟಿಪ್ಪಣಿಯ ಪರಬ್ರಹ್ಮವೂ

ನಮ್ಮ ವಿದ್ಯಾಲಯಗಳಲ್ಲಿ ಒಂದು ವಿಲಕ್ಷಣವಾದ ರೋಗವು ಬಹುಕಾಲದಿಂದ ಬೇರೂರಿದೆ. ಕನ್ನಡದ ಒಂದು ಶ್ರೇಷ್ಠ ಕೃತಿಯನ್ನು ವಿದ್ಯಾರ್ಥಿಯ ಕೈಗೆ ಕೊಡುವುದಕ್ಕೆ ಮೊದಲೇ, ಅದರಲ್ಲಿ ಬರುವ ಮರ, ಮೃಗ, ಹೊಳೆ, ಗುಡ್ಡಗಳು ಯಾವ ಯಾವುದರ ಸಂಕೇತಗಳೆಂಬುದನ್ನು ಬರೆಯಿಸಿಬಿಡುವುದೇ ಆ ರೋಗ. ಹೊಳೆಯೆಂದರೆ ಕಾಲ, ಬೆಟ್ಟವೆಂದರೆ ಸ್ಥೈರ್ಯ, ಕಾಡೆಂದರೆ ಮನಸ್ಸಿನ ಕತ್ತಲೆ. ಹುಡುಗನು ಬರೆದುಕೊಳ್ಳುತ್ತಾನೆ, ಉರು ಹೊಡೆಯುತ್ತಾನೆ, ಪರೀಕ್ಷೆಯಲ್ಲಿ ಒಪ್ಪಿಸಿ ಅಂಕಗಳನ್ನು ಪಡೆಯುತ್ತಾನೆ. ಕೃತಿಯನ್ನು ಓದಿದೆಯೇನಪ್ಪಾ ಎಂದು ಕೇಳುವವರು ಮಾತ್ರ ಇಲ್ಲ!

ಈ ರೋಗಕ್ಕೆ ತುತ್ತಾದ ಕೃತಿಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಗೆ ಅಗ್ರಸ್ಥಾನವು ಸಲ್ಲಬೇಕು. ೧೯೮೦ರಲ್ಲಿ ಪ್ರಕಟವಾದ ಈ ಕೃತಿಯ ಕಥೆಯು ವಾಚಕರಲ್ಲಿ ಬಹುಮಂದಿಗೆ ವಿದಿತವೇ ಇದೆ. ಮೂಡಿಗೆರೆಯ ಸುತ್ತಿನಲ್ಲಿ ಬೇಸಾಯಕ್ಕೆ ಬೇಸತ್ತ ಒಬ್ಬ ರೈತನಿದ್ದಾನೆ. ಅವನೇ ಕಥೆಯ ನಿರೂಪಕ. ಜೇನುನೊಣಗಳ ಮರ್ಮವನ್ನೂ ಕಾಡಿನ ಜೀವಿಗಳ ನಡೆಯನ್ನೂ ಬಲ್ಲ ಮಂದಣ್ಣನೆಂಬ ಹಳ್ಳಿಗನಿದ್ದಾನೆ. ಕರ್ವಾಲೊ ಎಂಬ ವಿಜ್ಞಾನಿಯಿದ್ದಾರೆ. ಮಂದಣ್ಣನು ತಾನು ಹಾರುವ ಓತಿಯನ್ನು ಕಂಡೆನೆಂದಾಗ ಕರ್ವಾಲೊ ಅವರು ಆ ಮಾತನ್ನು ನಂಬುತ್ತಾರೆ. ಅದನ್ನು ಹುಡುಕಿಕೊಂಡು ಇವರೆಲ್ಲರೂ, ಚಿತ್ರಗ್ರಾಹಕ ಪ್ರಭಾಕರನನ್ನೂ ಬಿರಿಯಾನಿ ಕರಿಯಪ್ಪನನ್ನೂ ಕಿವಿಯೆಂಬ ನಾಯಿಯನ್ನೂ ಕೂಡಿಸಿಕೊಂಡು, ಘಟ್ಟದ ಕಾಡನ್ನು ಹೊಗುತ್ತಾರೆ. ಕೊನೆಗೆ ಓತಿಯು ಕಣ್ಣಿಗೆ ಬೀಳುತ್ತದೆ. ಆದರೆ ಕೈಗೆ ಸಿಗದೆ ಕಣಿವೆಯ ಆಳಕ್ಕೆ ತೇಲಿ ಮರೆಯಾಗುತ್ತದೆ.

ನಾವು ನೋಡಿದ ಒಂದು ಟಿಪ್ಪಣಿಯ ಪ್ರಕಾರ ಓತಿಯು ಪರಬ್ರಹ್ಮವಸ್ತು, ಅದು ಆಕಾಶಕ್ಕೇರುವ ಆತ್ಮ, ಕರ್ವಾಲೊ ಸದ್ಗುರು, ಮಂದಣ್ಣನು ಸಂಸಾರದಲ್ಲಿ ತೊಳಲುವ ಅಜ್ಞಾನಿ ಜೀವ. ಟಿಪ್ಪಣಿಕಾರರ ಹೆಸರನ್ನು ಹೇಳಿ ಅವರ ವ್ಯಾಪಾರವನ್ನು ಬೆಳೆಯಿಸಲು ನಮಗೆ ಇಷ್ಟವಿಲ್ಲ. ಆದರೆ ಈ ನಾಲ್ಕು ವಾಕ್ಯಗಳಲ್ಲಿ ಎಷ್ಟು ಅನರ್ಥಗಳಡಗಿವೆ ಎಂಬುದನ್ನು ತೋರಿಸದೆ ಬಿಡುವುದು ಮಾತ್ರ ನಮ್ಮಿಂದ ಆಗದು.

ಮೊದಲು ಓತಿಯನ್ನೇ ನೋಡೋಣ. ಇದು ಕವಿಕಲ್ಪನೆಯ ಗಂಡಭೇರುಂಡವಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಅವುಗಳ ಅಂಚಿನ ಅಡಕೆ ತೋಟಗಳಲ್ಲಿಯೂ ಇಂದಿಗೂ ಬದುಕಿರುವ ಪ್ರಾಣಿ. ೧೮೩೭ರಲ್ಲಿ ದ್ಯುಮೆರಿಲ್ ಮತ್ತು ಬಿಬ್ರೋನ್ ಎಂಬ ಫ್ರೆಂಚ್ ವಿದ್ವಾಂಸರು ಇದಕ್ಕೆ 'ಡ್ರಾಕೊ ದುಸುಮಿಯೇರಿ' ಎಂಬ ಶಾಸ್ತ್ರೀಯ ನಾಮವನ್ನಿಟ್ಟರು. ಗೇಣುದ್ದದ ಮೈ, ಬಣ್ಣವು ಮರದ ತೊಗಟೆಯದೇ ಆದ್ದರಿಂದ ಎದುರಿಗೇ ಇದ್ದರೂ ಕಾಣದು. ಆಹಾರವು ಮುಖ್ಯವಾಗಿ ಇರುವೆ. ಪಕ್ಕೆಲುಬುಗಳಲ್ಲಿ ಕೆಲವು ಮೈಯಿಂದ ಹೊರಕ್ಕೆ ನೀಡಿ, ಅವುಗಳ ಮೇಲೆ ಚರ್ಮವು ಕೊಡೆಯ ಬಟ್ಟೆಯಂತೆ ಬಿಚ್ಚಿಕೊಳ್ಳುತ್ತದೆ. ಹೆಣ್ಣು ಮಣ್ಣಿನಲ್ಲಿ ಮೊಟ್ಟೆಯಿಡುವುದಕ್ಕಾಗಿ ಮರದಿಂದ ನೆಲಕ್ಕಿಳಿಯುತ್ತದೆ. ಇಷ್ಟನ್ನು ತಿಳಿದ ಯಾರೂ ಇದನ್ನು ಆಕಾಶಕ್ಕೇರುವ ಆತ್ಮವೆಂದು ಬರೆಯಲಾರರು. ಏಕೆಂದರೆ ಇದು ಹಕ್ಕಿಯಂತೆ ಮೇಲಕ್ಕೆ ಹಾರುವುದೇ ಇಲ್ಲ! ಎತ್ತರದಿಂದ ತಗ್ಗಿಗೆ ತೇಲಿ, ಮುಂದಿನ ಮರದ ಬುಡದ ಕಡೆಗೆ ತಲಪಿ, ಮತ್ತೆ ಕಾಲುಗಳಿಂದಲೇ ಹತ್ತಿಕೊಂಡು ಹೋಗುವುದು ಇದರ ನಿತ್ಯದ ಪಾಡು. ಕಾದಂಬರಿಯ ಕೊನೆಯಲ್ಲಿಯೂ ಅದು ಹೋಗುವುದು ಕೆಳಗಿನ ಕಣಿವೆಗೆ. ಟಿಪ್ಪಣಿಕಾರರು ಪ್ರಾಣಿಯನ್ನು ನೋಡಲಿಲ್ಲವೆಂದರೆ ಕ್ಷಮಿಸಬಹುದು. ಪುಟವನ್ನೂ ನೋಡಲಿಲ್ಲವೆಂದರೆ ಏನು ಹೇಳೋಣ?

ಹಾಗಾದರೆ ಕೃತಿಯಲ್ಲಿ ಧ್ವನಿಯೇ ಇಲ್ಲವೇ, ಅದೇನು ಪ್ರಾಣಿಶಾಸ್ತ್ರದ ಪಾಠಪುಸ್ತಕವೇ ಎಂದು ಕೆಲವು ಅಭಿಜ್ಞರು ಕೇಳಬಹುದು. ಸಂಕೇತವನ್ನು ಅರಸುವುದು ನಮ್ಮ ಪೂರ್ವಿಕರ ಕಾವ್ಯಮೀಮಾಂಸೆಯ ಪ್ರಾಣವೆಂದೂ, ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಅದನ್ನು ಸಿದ್ಧಪಡಿಸಿದನೆಂದೂ ಅವರು ಹೇಳುವರು. ಸರಿ, ಆ ಆಚಾರ್ಯನನ್ನೇ ಪ್ರಮಾಣವಾಗಿಟ್ಟುಕೊಳ್ಳೋಣ. ಬೆಳಕನ್ನು ಬಯಸುವವನು ದೀಪದ ಕುಡಿಯ ವಿಷಯದಲ್ಲಿ ಹೇಗೆ ಯತ್ನಪಡುವನೋ, ವ್ಯಂಗ್ಯಾರ್ಥವನ್ನು ಬಯಸುವವನು ವಾಚ್ಯಾರ್ಥದ ವಿಷಯದಲ್ಲಿ ಹಾಗೆಯೇ ಯತ್ನಪಡಬೇಕೆಂಬುದು ಅವನ ಮತ. ನಮ್ಮವರು ದೀಪವನ್ನು ಹೊರಗೆಸೆದು, ಕತ್ತಲೆಯಲ್ಲಿ ಕುಳಿತು, ಬೆಳಕಿನ ಲಕ್ಷಣವನ್ನು ಬರೆಯಿಸುತ್ತಿದ್ದಾರೆ. ಇದಕ್ಕೆ ಧ್ವನಿಯೆಂದು ಹೆಸರಿಟ್ಟರೆ ಆನಂದವರ್ಧನನಿಗೆ ಅಪಚಾರ.

ಧ್ವನಿಯಿದೆ; ಅದು ಬೇರೆಡೆಯಲ್ಲಿದೆ. ಓತಿಯನ್ನು ಕಂಡವನು ಯಾರು? ಮಂದಣ್ಣ. ಅವನಿಗೆ ಪದವಿಯಿಲ್ಲ, ಊರಿನಲ್ಲಿ ಮಾನ್ಯತೆಯಿಲ್ಲ. ಜವಾನನ ಕೆಲಸವೊಂದು ದೊರೆತರೆ ಜನ್ಮ ಸಾರ್ಥಕವೆಂದು ಹಂಬಲಿಸುವವನು. ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಕ್ಕಿ ಒದ್ದಾಡುವವನು. ಆದರೆ ಇಡೀ ಕಥೆಯಲ್ಲಿ ಅವನ ಕಣ್ಣಿಲ್ಲದೆ ಒಂದು ಹೆಜ್ಜೆಯೂ ಮುಂದೆ ಸಾಗದು. ಅವನು ನೋಡಿದ್ದೇ ಜ್ಞಾನವೆಂದು ಗುರುತಿಸಿದವರು ಕರ್ವಾಲೊ. ಅವರ ದೊಡ್ಡತನವಿರುವುದು ಅಲ್ಲಿ. ಹೀಗಿರಲು, ಓತಿಯನ್ನು ಬ್ರಹ್ಮವನ್ನಾಗಿ ಮಾಡಿದ ಕೂಡಲೆ ಏನಾಗುತ್ತದೆ? ಬ್ರಹ್ಮವನ್ನು ಬಲ್ಲವನು ಗುರುವೇ ಆಗಬೇಕಲ್ಲವೆ! ಆದ್ದರಿಂದ ಮಂದಣ್ಣನು ತಾನೇ ಕಂಡ ಪ್ರಾಣಿಯ ವಿಷಯದಲ್ಲಿ ಅಜ್ಞಾನಿಯಾಗಿಬಿಡುತ್ತಾನೆ. ಅವನ ಊರಿನವರು ಮಾಡಿದ ಅವಮಾನವನ್ನು ವಿದ್ವಾಂಸರು ಎರಡನೆಯ ಸಲ ಮಾಡುತ್ತಾರೆ. ಕಾದಂಬರಿಯು ಯಾವ ತಿರಸ್ಕಾರದ ವಿರುದ್ಧವಾಗಿ ಬರೆಯಲ್ಪಟ್ಟಿತೋ ಅದೇ ತಿರಸ್ಕಾರವನ್ನು ಅದರ ಸಾರಾಂಶವೆಂದು ಹುಡುಗರಿಗೆ ಕಲಿಸುತ್ತಾರೆ. ನಮ್ಮ ಕೋಪಕ್ಕೆ ಕಾರಣವು ಇದೇ ಹೊರತು ಪ್ರಾಣಿಶಾಸ್ತ್ರದ ಒಂದು ತಪ್ಪಲ್ಲ.

ಕೃತಿಕಾರರ ಮನೋಧರ್ಮವು ಅಸ್ಪಷ್ಟವಾಗಿದ್ದರೆ ಈ ಪ್ರಮಾದಕ್ಕೆ ನೆವವಾದರೂ ಇರುತ್ತಿತ್ತು. ೧೯೭೩ರಷ್ಟು ಹಿಂದೆಯೇ, 'ಅಬಚೂರಿನ ಪೋಸ್ಟಾಫೀಸು' ಕಥಾಸಂಗ್ರಹದ ಮುನ್ನುಡಿಯಲ್ಲಿ, ತೇಜಸ್ವಿಯವರು ನವ್ಯಮಾರ್ಗವು ಜಡವಾಯಿತೆಂದು ಸಾರಿ ಅದರಿಂದ ಹೊರಬಿದ್ದರು. ತಮ್ಮ ಋಣವು ಲೋಹಿಯಾ, ಕುವೆಂಪು, ಕಾರಂತರಿಗೆ ಸಲ್ಲತಕ್ಕದ್ದೆಂದು ಹೇಳಿಕೊಂಡರು. ನಗರದ ಹುದ್ದೆಯನ್ನರಸದೆ ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿ, ಬಂದೂಕು, ಗಾಳ, ಕ್ಯಾಮೆರಾಗಳೊಡನೆ ಕಾಡನ್ನು ಸುತ್ತಿ, ೨೦೦೭ರ ಏಪ್ರಿಲಿನಲ್ಲಿ ಅಲ್ಲಿಯೇ ತೀರಿಕೊಂಡವರು ಅವರು. ಹಕ್ಕಿಗಳ ಚಿತ್ರಕ್ಕಾಗಿ ಪೊದೆಯ ಮರೆಯಲ್ಲಿ ಗಂಟೆಗಟ್ಟಲೆ ಕಾದವರು ಒಂದು ಓತಿಯನ್ನು ವೇದಾಂತದ ಗೊಂಬೆಯನ್ನಾಗಿ ಮಾಡುವುದಕ್ಕೆ ಇಷ್ಟೆಲ್ಲ ಶ್ರಮಪಟ್ಟರೆಂದು ನಂಬಬೇಕೇ? ಅವರ ತಂದೆಯವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಹುಲಿಯನಿಗೂ ಇದೇ ಗತಿ ಬಂದಿದೆ. ಗುತ್ತಿಯ ಹಿಂದೆ ಮಳೆಯಲ್ಲಿ ನೆನೆಯುತ್ತ ಓಡುವ ಆ ನಾಯಿಯನ್ನು 'ಸ್ವಾಮಿಭಕ್ತಿಯ ಸಂಕೇತ' ಎಂಬ ಎರಡು ಶಬ್ದಗಳ ಪೆಟ್ಟಿಗೆಯಲ್ಲಿ ಹೂಳಿ ಆಯಿತು. ಸಂಕೇತಕ್ಕಾಗಿ ಯಾರೂ ಅಳುವುದಿಲ್ಲ, ನಾಯಿಗಾಗಿ ಅಳುತ್ತಾರೆ.

ಬಯಲುಸೀಮೆಯ ಹುಡುಗನಿಗೆ ಮಲೆನಾಡಿನ ಜೀವಜಂತುಗಳ ಪರಿಚಯವಿಲ್ಲ, ಆದ್ದರಿಂದ ಸಂಕೇತವೇ ಸುಲಭ ಎಂದು ಉಪಾಧ್ಯಾಯರೊಬ್ಬರು ನಮ್ಮೊಡನೆ ವಾದಿಸಿದರು. ಇದನ್ನು ನಾವು ಒಪ್ಪಲಾರೆವು. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ೧೯೫೬ರ ನವೆಂಬರ್ ೧ರಂದು ಒಂದಾದುದು ನಕ್ಷೆಯ ಮೇಲೆ ಮಾತ್ರವೇ? ಬೀದರದ ಹುಡುಗನಿಗೆ ಕಳಸದ ಕಾಡೂ, ಕಳಸದ ಹುಡುಗನಿಗೆ ಬೀದರದ ಎರೆಭೂಮಿಯೂ ತನ್ನದೆಂದು ತೋರುವಂತೆ ಮಾಡುವುದಕ್ಕೆ ಪಾಠಪುಸ್ತಕಕ್ಕಿಂತ ದೊಡ್ಡ ಸಾಧನವು ಯಾವುದಿದೆ? ಕಾಣದ ನಾಡನ್ನು ಕಾಣಿಸುವುದಕ್ಕಾಗಿ ಸಾಹಿತ್ಯವಿದೆ. ನಾಡನ್ನು ಅಳಿಸಿ ಅದರ ಸ್ಥಾನದಲ್ಲಿ ಎಲ್ಲಿಗೂ ಸೇರದ ಒಂದು ತತ್ತ್ವವನ್ನು ಕೂರಿಸಿದರೆ, ಮೂಡಿಗೆರೆಯ ಓತಿಯಾದರೇನು, ಕಾಂಬೋಜದೇಶದ ಕುದುರೆಯಾದರೇನು, ಎಲ್ಲವೂ ಹುಡುಗನಿಗೆ ಒಂದೇ.

ಇದಕ್ಕೆ ಉಪಾಯವು ದುರ್ಲಭವೂ ಅಲ್ಲ. ಬಯಲುಸೀಮೆಯ ಶಾಲೆಗಳಿಂದ ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆಂದು ಪ್ರವಾಸದ ಬಸ್ಸುಗಳು ಪ್ರತಿವರ್ಷವೂ ಘಟ್ಟವನ್ನೇರುತ್ತವೆ. ಮೂಡಿಗೆರೆಯಿಂದ ಹೋಗುವ ಬಸ್ಸು ಕೊಟ್ಟಿಗೆಹಾರದಲ್ಲಿ ತಿರುಗಿ ಕಳಸದ ದಾರಿಯನ್ನು ಹಿಡಿಯುತ್ತದೆ. ಕೊಟ್ಟಿಗೆಹಾರದಲ್ಲಿಯೇ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ತಿರುವುಗಳ ದೆಸೆಯಿಂದ ಮಕ್ಕಳು ತಲೆಸುತ್ತಿ ಮಲಗಿರುತ್ತಾರೆ. 'ಕರ್ವಾಲೊ' ಪಾಠವನ್ನು ಹೇಳಿದ ಉಪಾಧ್ಯಾಯರು ಮುಂದಿನ ಆಸನದಲ್ಲಿ ಊಟದ ಹೊತ್ತನ್ನು ಲೆಕ್ಕಹಾಕುತ್ತಿರುತ್ತಾರೆ. ದೇವಿಯ ಸನ್ನಿಧಿಯಲ್ಲಿ ಪ್ರಸಾದಕ್ಕೆ ಎಂದೂ ಕೊರತೆಯಿಲ್ಲ. ಅರ್ಧ ಗಂಟೆ ತಡವಾದರೂ ಯಾರೂ ಉಪವಾಸ ಬೀಳಲಾರರು. ಕೊಟ್ಟಿಗೆಹಾರದಲ್ಲಿ ಬಸ್ಸನ್ನು ನಿಲ್ಲಿಸಿ. ಮುಂದೆ ದಾರಿಯ ಬದಿಯ ಯಾವುದಾದರೊಂದು ಅಡಕೆ ತೋಟದವರ ಅಪ್ಪಣೆ ಪಡೆದು ಮಕ್ಕಳನ್ನು ಒಳಗೆ ಕರೆದೊಯ್ಯಿರಿ. ಕೊನೆಗಾರನು ಮರದ ಮೇಲಿದ್ದರೆ ಇಳಿಯುವವರೆಗೆ ಕಾದು, ಹಾರುವ ಓತಿಯನ್ನು ನೋಡಿದ್ದೀಯೇನಪ್ಪಾ ಎಂದು ಅವನನ್ನು ಕೇಳಿರಿ. ಅವನು ಹೇಳುವುದನ್ನು ಮಕ್ಕಳು ಬರೆದುಕೊಳ್ಳಲಿ. ಮುಂದಿನ ಪರೀಕ್ಷೆಯಲ್ಲಿ 'ಓತಿಯು ಯಾವುದರ ಸಂಕೇತ?' ಎಂಬ ಪ್ರಶ್ನೆಯನ್ನು ಹೊಡೆದುಹಾಕಿ, 'ಕರ್ವಾಲೊ ಅವರು ಮಂದಣ್ಣನ ಮಾತನ್ನು ಏಕೆ ನಂಬಿದರು?' ಎಂದು ಕೇಳಿರಿ.